ವಿಂಡೋಸ್ 10 ಕೈಬಿಟ್ಟ ಲ್ಯಾಪ್‌ಟಾಪ್‌ಗೆ ಭಾನುವಾರದ ಚಿಕಿತ್ಸೆ: ಮುಂಬೈನ ಲಿನಕ್ಸ್ ಬಳಗಗಳ ಸಭೆಯಲ್ಲಿ ನಡೆಯುವುದೇನು?

ಮನೆಯ ಮೂಲೆಯಲ್ಲಿ ಎಂಟೊಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಇದೆಯೇ? ಆನ್ ಆಗುತ್ತದೆ, ಕೀಬೋರ್ಡ್ ಸರಿಯಿದೆ, ಪರದೆಯೂ ಚೆನ್ನಾಗಿದೆ. ಆದರೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾದರೂ ಆಗಿರಬೇಕು. 2017ಕ್ಕಿಂತ ಮೊದಲು ಕೊಂಡ ಹೆಚ್ಚಿನ ಯಂತ್ರಗಳಿಗೆ ಆ ಯೋಗ್ಯತೆ ಇಲ್ಲ. ಅಂದರೆ ಯಂತ್ರ ಕೆಟ್ಟಿಲ್ಲ, ಆದರೂ ಗುಜರಿಗೆ ಹೋಗುವ ಸರದಿ ಬಂದಿದೆ.

ಗುಜರಿಗೆ ಹಾಕುವ ಮುನ್ನ ಇನ್ನೊಂದು ದಾರಿ ಇದೆ ಎನ್ನುವವರು ಮುಂಬೈಯಲ್ಲಿ ಎರಡು ದಶಕಕ್ಕೂ ಹಿಂದಿನಿಂದ ಇದ್ದಾರೆ. ಅವರೇ ಲಿನಕ್ಸ್ ಯೂಸರ್ ಗ್ರೂಪ್‌ನವರು. ಕಂಪನಿಯಲ್ಲ, ಸಂಬಳವಿಲ್ಲ, ಸದಸ್ಯತ್ವ ಶುಲ್ಕವೂ ಸಾಮಾನ್ಯವಾಗಿ ಇರುವುದಿಲ್ಲ. ವಾರಾಂತ್ಯದಲ್ಲಿ ಯಾವುದೋ ಕಾಲೇಜಿನ ತರಗತಿಯಲ್ಲೋ, ಕಚೇರಿಯೊಂದರ ಮೀಟಿಂಗ್ ರೂಮಿನಲ್ಲೋ ಸೇರಿ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ. ಈ ಸಭೆಗಳು ಶುರುವಾದದ್ದು ಹೇಗೆ, ಅಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಇಲ್ಲಿದೆ ವಿವರ.

ಮೊದಲು ಲಿನಕ್ಸ್ ಅಂದರೇನು?

ಕಂಪ್ಯೂಟರಿನ ಯಂತ್ರಭಾಗಕ್ಕೂ ನೀವು ಬಳಸುವ ಬ್ರೌಸರ್, ವರ್ಡ್ ಪ್ರೊಸೆಸರ್‌ಗಳಿಗೂ ನಡುವೆ ನಿಂತು ಕೆಲಸ ಹಂಚುವ ತಂತ್ರಾಂಶವೇ ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಅಂಥದ್ದೊಂದು. 1991ರ ಆಗಸ್ಟ್ 25ರಂದು ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತಾನು ಹವ್ಯಾಸಕ್ಕಾಗಿ ಒಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿ ಪ್ರಕಟಿಸಿದರು. ಅದರ ತಿರುಳಿನ ಭಾಗ, ಅಂದರೆ ಕರ್ನಲ್‌ಗೆ ಲಿನಕ್ಸ್ ಎಂಬ ಹೆಸರು ಬಂತು. ಅದಕ್ಕೂ ಮುಂಚೆ, 1983ರಲ್ಲೇ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಆರಂಭಿಸಿ ಬೇಕಾದ ಉಳಿದ ಸಲಕರಣೆಗಳನ್ನು ತಯಾರಿಸುತ್ತ ಬಂದಿದ್ದರು. ಎರಡೂ ಕೂಡಿದಾಗ ಪೂರ್ತಿ ವ್ಯವಸ್ಥೆಯಾಯಿತು. ಅದಕ್ಕೇ ಕೆಲವರು ಇವತ್ತಿಗೂ ಬರೀ 'ಲಿನಕ್ಸ್' ಎಂದರೆ ಒಪ್ಪುವುದಿಲ್ಲ, 'ಗ್ನೂ/ಲಿನಕ್ಸ್' ಎನ್ನಿ ಎಂದು ತಿದ್ದುತ್ತಾರೆ. ಯೂಸರ್ ಗ್ರೂಪ್ ಸಭೆಗೆ ಹೊಸದಾಗಿ ಹೋದವರಿಗೆ ಮೊದಲು ಎದುರಾಗುವ ಜಗಳವೂ ಇದೇ ಇರಬಹುದು. ಹೆದರಬೇಕಿಲ್ಲ.

ಇದರ ಪರವಾನಗಿ, ಅಂದರೆ ಜಿಪಿಎಲ್, ವಿಶೇಷವಾದದ್ದು. ತಂತ್ರಾಂಶವನ್ನು ಬಳಸಬಹುದು, ಒಳಗಿನ ಸಂಕೇತ ಓದಬಹುದು, ತಿದ್ದಬಹುದು, ಎಷ್ಟು ಪ್ರತಿ ಬೇಕಾದರೂ ಮಾಡಿ ಹಂಚಬಹುದು. ಷರತ್ತು ಒಂದೇ: ತಿದ್ದಿ ಹಂಚಿದರೆ, ಪಡೆದವರಿಗೂ ಅದೇ ಹಕ್ಕು ಕೊಡಬೇಕು. ಲಿನಕ್ಸ್ ಕರ್ನಲ್ ಈ ಪರವಾನಗಿಗೆ ಬಂದದ್ದು 1992ರಲ್ಲಿ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರ್‌ಗಳ ಪಟ್ಟಿಯಲ್ಲಿ ಎಲ್ಲವೂ ಲಿನಕ್ಸ್ ಮೇಲೆಯೇ ಓಡುತ್ತಿವೆ. ಮನೆಯ ಮೇಜಿನ ಮೇಲೆ ಮಾತ್ರ ಅದಕ್ಕೆ ಜಾಗ ಕಡಿಮೆ.

ಒಂದು ಸಿಡಿಗೆ 150 ಗಂಟೆ

ಯೂಸರ್ ಗ್ರೂಪ್‌ಗಳು ಹುಟ್ಟಿದ್ದು ಯಾವುದೇ ತತ್ವಕ್ಕಿಂತ ಮೊದಲು ಬಡಪಾಯಿ ಇಂಟರ್ನೆಟ್‌ನಿಂದ ಎಂದರೆ ತಪ್ಪಾಗದು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗಿನ ಡಯಲ್‌ಅಪ್ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಒಂದು ಸಿಡಿ ತುಂಬ, ಅಂದರೆ 650 ಎಂಬಿ ಲಿನಕ್ಸನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು ಲೆಕ್ಕ ಹಾಕಿದರೆ ಸುಮಾರು 150 ಗಂಟೆ, ಅಂದರೆ ಆರು ದಿನಕ್ಕೂ ಹೆಚ್ಚು. ಅದೂ ನಡುವೆ ಒಮ್ಮೆಯೂ ಲೈನ್ ಕಟ್ ಆಗದಿದ್ದರೆ, ಮನೆಯವರು ಫೋನ್ ಎತ್ತದಿದ್ದರೆ!

ಹಾಗಾಗಿ ಒಬ್ಬರ ಬಳಿ ಸಿಡಿ ಬಂದರೆ ಹತ್ತು ಜನ ಅದರ ಸುತ್ತ ಸೇರಲೇಬೇಕಿತ್ತು. ಪಿಸಿ ಕ್ವೆಸ್ಟ್ ಪತ್ರಿಕೆ ಸಂಚಿಕೆಯೊಡನೆ ಲಿನಕ್ಸ್ ಸಿಡಿ ಕೊಡತೊಡಗಿದ್ದು ಆ ದಿನಗಳ ದೊಡ್ಡ ತಿರುವು. ಆ ಪತ್ರಿಕೆಯ ಜೊತೆಗಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಂದೆ ದೇಶದ ಲಿನಕ್ಸ್ ಚಳವಳಿಯ ದೊಡ್ಡ ಹೆಸರಾದರು. 1990ರ ದಶಕದ ಕೊನೆಗೆ ನಗರ ನಗರಗಳಲ್ಲಿ ಬಳಗಗಳು ಹುಟ್ಟಿಕೊಂಡವು. ಚೆನ್ನೈ, ದೆಹಲಿ, ಕೋಲ್ಕತಾ, ಬೆಂಗಳೂರು, ಪುಣೆ. ಮುಂಬೈಯದ್ದು ಇಂಡಿಯನ್ ಲಿನಕ್ಸ್ ಯೂಸರ್ಸ್ ಗ್ರೂಪ್–ಬಾಂಬೆ, ಚಿಕ್ಕದಾಗಿ 'ಐಲಗ್-ಬಾಮ್'. ಊರಿನ ಹೆಸರು 1995ರಲ್ಲೇ ಮುಂಬೈ ಆಗಿತ್ತು. ಬಾಂಬೆ ಹೈಕೋರ್ಟ್, ಐಐಟಿ ಬಾಂಬೆಯಂತೆ ಈ ಗುಂಪೂ ಹಳೆಯ ಹೆಸರನ್ನೇ ಹೊತ್ತುಕೊಂಡಿತು.

ಮುಂಬೈಯಲ್ಲಿ ಇದಕ್ಕೊಂದು ವಿಚಿತ್ರ ಎದುರಾಳಿಯೂ ಇತ್ತು. ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡ್ ನಗರದ ಕಂಪ್ಯೂಟರ್ ಬಿಡಿಭಾಗಗಳ ಪೇಟೆ. ಅಲ್ಲಿ ಯಂತ್ರ ಜೋಡಿಸಿಕೊಂಡವರಿಗೆ ವಿಂಡೋಸ್ ಬೇರೆ ದುಡ್ಡು ಕೊಟ್ಟು ಕೊಳ್ಳಬೇಕೆಂಬುದೇ ಗೊತ್ತಿರಲಿಲ್ಲ, ಕಳ್ಳ ಪ್ರತಿ ಹಾಕಿಸಿಕೊಂಡೇ ಮನೆಗೆ ಬರುವುದು ವಾಡಿಕೆ. ಎಲ್ಲವೂ 'ಫ್ರೀ' ಆಗಿರುವ ಊರಿನಲ್ಲಿ ಲಿನಕ್ಸ್ ಫ್ರೀ ಎಂದರೆ ಯಾರು ಕಿವಿಗೊಡುತ್ತಾರೆ? ಬೆಲೆಯ ಮಾತು ಬಿಟ್ಟು ಹಕ್ಕಿನ ಮಾತು ಆಡುವುದನ್ನು ಇಲ್ಲಿನ ಬಳಗದವರು ಬೇಗ ಕಲಿಯಬೇಕಾಯಿತು. ಪಕ್ಕದವನಿಗೆ ಸಿಡಿ ಕಾಪಿ ಮಾಡಿಕೊಟ್ಟರೆ ಒಂದು ಕಡೆ ಅಪರಾಧ, ಇನ್ನೊಂದು ಕಡೆ ಪರವಾನಗಿಯೇ ಕೊಟ್ಟ ಹಕ್ಕು. ಈ ವ್ಯತ್ಯಾಸ ಅರ್ಥವಾದವರು ಬಳಗದಲ್ಲಿ ಉಳಿದರು.

ಜುಹು, ಪವಾಯಿ, ಮಾನ್‌ಖುರ್ದ್

ಬೆಂಗಳೂರನ್ನು ಐಟಿ ರಾಜಧಾನಿ ಎನ್ನುವ ಭರದಲ್ಲಿ ಮುಂಬೈಯ ಪಾತ್ರ ಮರೆತುಹೋಗುತ್ತದೆ. ಜುಹುವಿನಲ್ಲಿದ್ದ ನ್ಯಾಷನಲ್ ಸೆಂಟರ್ ಫಾರ್ ಸಾಫ್ಟ್‌ವೇರ್ ಟೆಕ್ನಾಲಜಿ, ಅಂದರೆ ಎನ್‌ಸಿಎಸ್‌ಟಿ, ಮತ್ತು ಪವಾಯಿಯ ಐಐಟಿ ಬಾಂಬೆ ನಡುವೆ 1980ರ ದಶಕದಲ್ಲೇ ಇಮೇಲ್ ಓಡಾಡಿತ್ತು. ಶೈಕ್ಷಣಿಕ ಜಾಲವಾದ ಅರ್ನೆಟ್‌ನ ಮೊದಲ ಹೆಜ್ಜೆಗಳವು. ಎನ್‌ಸಿಎಸ್‌ಟಿಯ ನಿರ್ದೇಶಕರಾಗಿದ್ದ ಎಸ್. ರಮಣಿ ಅವರ ಹೆಸರು 2014ರಲ್ಲಿ ಇಂಟರ್ನೆಟ್ ಹಾಲ್ ಆಫ್ ಫೇಮ್ ಸೇರಿತು. 

ಅದೇ ಸಂಸ್ಥೆ ಲಿನಕ್ಸ್‌ನಲ್ಲಿ ಭಾರತೀಯ ಭಾಷೆಗಳು ಕಾಣುವಂತೆ ಮಾಡಲು 'ಇಂಡಿಕ್ಸ್' ಎಂಬ ಯೋಜನೆ ನಡೆಸಿತು. ಈಗ ಫೋನಿನಲ್ಲಿ ಕನ್ನಡ ಟೈಪ್ ಮಾಡುವವರಿಗೆ ಇದರಲ್ಲೇನು ದೊಡ್ಡದು ಅನಿಸಬಹುದು. ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಮುಗಿಯಿತು. ಕನ್ನಡದಲ್ಲಿ 'ಷ್ಟ್ರ' ಬರೆಯಬೇಕಾದರೆ ಮೂರು ವ್ಯಂಜನ ಸೇರಿ ಒತ್ತಕ್ಷರಗಳು ಕೆಳಗೆ ಕೂರಬೇಕು, 'ರ್ಕ' ಬರೆದರೆ ಮೊದಲು ಒತ್ತಿದ 'ರ' ಅರ್ಕಾವತ್ತಾಗಿ 'ಕ'ದ ನಂತರಕ್ಕೆ ಜಿಗಿಯಬೇಕು. ಇದನ್ನು ಪ್ರತಿ ತಂತ್ರಾಂಶಕ್ಕೂ ಬೇರೆ ಬೇರೆಯಾಗಿ ಕಲಿಸುವ ಬದಲು ವ್ಯವಸ್ಥೆಗೇ ಕಲಿಸಬೇಕು. 2000ದ ದಶಕದ ಆರಂಭದಲ್ಲಿ ಯೂಸರ್ ಗ್ರೂಪ್‌ಗಳಲ್ಲಿ ಕನ್ನಡಿಗರು, ಮರಾಠಿಗರು, ಮಲಯಾಳಿಗಳು ತಲೆಕೆಡಿಸಿಕೊಂಡದ್ದು ಇದಕ್ಕೇ. ಎನ್‌ಸಿಎಸ್‌ಟಿಯಲ್ಲಿದ್ದ ಹೆಸರಾಂತ ಅಕ್ಷರ ವಿನ್ಯಾಸಕ ಆರ್. ಕೆ. ಜೋಶಿ ಅವರು ಕೈಜೋಡಿಸಿದ 'ರಘು ಮಲಯಾಳಂ' ಅಕ್ಷರಶೈಲಿ ಮುಕ್ತ ಪರವಾನಗಿಯಲ್ಲಿ ಬಂದು ಇಂದಿಗೂ ಬಳಕೆಯಲ್ಲಿದೆ. ಎನ್‌ಸಿಎಸ್‌ಟಿ ಮುಂದೆ ಸಿ-ಡಾಕ್‌ನಲ್ಲಿ ವಿಲೀನವಾಯಿತು.

ಹಾರ್ಬರ್ ಲೈನಿನ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇನ್ನೊಂದು ನೆಲೆ. 2001ರಲ್ಲಿ ಸ್ಟಾಲ್ಮನ್ ಉಪಸ್ಥಿತಿಯಲ್ಲಿ ತಿರುವನಂತಪುರದಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಆಫ್ ಇಂಡಿಯಾ ಶುರುವಾಯಿತು. ಅದರ ನೇತೃತ್ವ ವಹಿಸಿದ್ದ ಜಿ. ನಾಗಾರ್ಜುನ ಈ ಕೇಂದ್ರದ ಅಧ್ಯಾಪಕರಾಗಿದ್ದರು. ಶಾಲಾ ಶಿಕ್ಷಣದಲ್ಲಿ ಮುಕ್ತ ತಂತ್ರಾಂಶ ಬಳಸುವ ಪ್ರಯೋಗಗಳು ಇಲ್ಲಿನ ನೌಲೆಡ್ಜ್ ಲ್ಯಾಬ್‌ನಲ್ಲಿ ನಡೆದವು. ಪವಾಯಿಯಲ್ಲಿ ಐಐಟಿ ಬಾಂಬೆಯ ಫಾಸಿ ಯೋಜನೆ ಮತ್ತು ಸ್ಪೋಕನ್ ಟ್ಯುಟೋರಿಯಲ್. ಎರಡರ ಹಿಂದೆಯೂ ಪ್ರೊ. ಕಣ್ಣನ್ ಮೌದ್ಗಲ್ಯ ಇದ್ದರು. ಸ್ಪೋಕನ್ ಟ್ಯುಟೋರಿಯಲ್‌ನ ಸುಮಾರು ಹತ್ತು ನಿಮಿಷದ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ ಎಂಬುದು ಮುಂಬೈ ಕನ್ನಡಿಗರಲ್ಲೇ ಅನೇಕರಿಗೆ ಗೊತ್ತಿಲ್ಲ. ಲಿಬ್ರೆ ಆಫೀಸ್ ಕಲಿಯಲು ಇದಕ್ಕಿಂತ ಸುಲಭದ ದಾರಿ ಬೇರೆ ಸಿಗುವುದು ಕಷ್ಟ.

ಸಭೆಯಲ್ಲಿ ಏನಾಗುತ್ತದೆ?

ವೇದಿಕೆ, ಹಾರ, ಸ್ವಾಗತ ಭಾಷಣ ಏನೂ ಇರುವುದಿಲ್ಲ. ಹೆಚ್ಚೆಂದರೆ ಒಂದು ಪ್ರೊಜೆಕ್ಟರ್, ಸಾಲದಷ್ಟು ಪ್ಲಗ್ ಪಾಯಿಂಟ್‌ಗಳು. ಒಬ್ಬರೋ ಇಬ್ಬರೋ ತಾವು ಇತ್ತೀಚೆಗೆ ಮಾಡಿದ ಕೆಲಸದ ಬಗ್ಗೆ ಮಾತಾಡುತ್ತಾರೆ. ಬಳಿಕ ಪ್ರಶ್ನೆಗಳು. ನಿಜವಾದ ಸಭೆ ಶುರುವಾಗುವುದು ಅದರ ನಂತರ, ಚಹಾ ಹೊತ್ತಿಗೆ. ಕೆಲಸ ಹುಡುಕುತ್ತಿರುವ ವಿದ್ಯಾರ್ಥಿ, ಬ್ಯಾಂಕಿನ ಸರ್ವರ್ ನೋಡಿಕೊಳ್ಳುವ ಅಧಿಕಾರಿ, ನಿವೃತ್ತ ಮೇಷ್ಟ್ರು ಒಂದೇ ಪರದೆಗೆ ಬಗ್ಗಿ ನೋಡುವ ಹೊತ್ತು ಅದು.

ಇನ್ನೊಂದು ಬಗೆ ಇನ್‌ಸ್ಟಾಲ್ ಫೆಸ್ಟ್. ಜನ ತಮ್ಮ ಯಂತ್ರ ಹೊತ್ತು ತರುತ್ತಾರೆ, ಬಲ್ಲವರು ಪಕ್ಕದಲ್ಲಿ ಕೂತು ಲಿನಕ್ಸ್ ಹಾಕಿಸುತ್ತಾರೆ. ಹಿಂದೆ ಸಿಪಿಯು ಡಬ್ಬ, ಗಾಜಿನ ಮಾನಿಟರ್ ಎಲ್ಲವನ್ನೂ ಟ್ಯಾಕ್ಸಿಯಲ್ಲಿ ತರಬೇಕಿತ್ತು. ಆ ಕಾಲದ ಮುಖ್ಯ ಗೋಳು ಮೋಡೆಮ್. ಅಗ್ಗದ 'ವಿನ್‌ಮೋಡೆಮ್'ಗಳು ತಮ್ಮ ಕೆಲಸದ ಬಹುಪಾಲನ್ನು ವಿಂಡೋಸ್‌ನ ತಲೆಗೆ ಕಟ್ಟುತ್ತಿದ್ದವು. ಲಿನಕ್ಸ್ ಹಾಕಿದ ಕೂಡಲೇ ಅವು ಮೂಕ. ಇಂಟರ್ನೆಟ್ ಇಲ್ಲದೆ ಚಾಲಕ ತಂತ್ರಾಂಶ ಇಳಿಸಲಾಗದು, ಚಾಲಕ ಇಲ್ಲದೆ ಇಂಟರ್ನೆಟ್ ಬಾರದು. ಬಳಗದಲ್ಲಿ ಯಾರೋ ಫ್ಲಾಪಿಯಲ್ಲಿ ತಂದಿದ್ದರೆ ಬಚಾವ್.

ಈಗ ಪೆನ್‌ಡ್ರೈವ್ ಸಾಕು. 'ಲೈವ್' ವಿಧಾನದಲ್ಲಿ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಚಾಲೂ ಮಾಡಿ, ಡಿಸ್ಕ್ ಮುಟ್ಟದೆಯೇ ವೈಫೈ, ಧ್ವನಿ, ಪ್ರಿಂಟರ್ ನಡೆಯುತ್ತವೆಯೇ ನೋಡಬಹುದು. ಇಷ್ಟವಾಗದಿದ್ದರೆ ರೀಸ್ಟಾರ್ಟ್ ಮಾಡಿದರೆ ಹಳೆಯದು ಹಾಗೇ ಇರುತ್ತದೆ. 4 ಜಿಬಿ ರ್‍ಯಾಮ್‌ನ ಹಳೆಯ ಯಂತ್ರಕ್ಕೆ ಲುಬುಂಟು, ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯಂಥ ಹಗುರ ಬಗೆಗಳಿವೆ. ಯಾವುದು ಒಳ್ಳೆಯದು ಎಂದು ಮಾತ್ರ ಇಬ್ಬರನ್ನು ಒಟ್ಟಿಗೆ ಕೇಳಬೇಡಿ.

ಇಂಟರ್ನೆಟ್‌ನಲ್ಲಿ ಎಲ್ಲ ಸಿಗುವಾಗ ಸಭೆ ಯಾಕೆ? ಒಂದೇ ಉದಾಹರಣೆ ಸಾಕು. ವಿಂಡೋಸ್ ಇಟ್ಟುಕೊಂಡೇ ಪಕ್ಕದಲ್ಲಿ ಲಿನಕ್ಸ್ ಹಾಕುವಾಗ ಡಿಸ್ಕನ್ನು ಭಾಗ ಮಾಡಬೇಕು. ಅಲ್ಲಿ ಒಂದು ತಪ್ಪು ಆಯ್ಕೆ ಒತ್ತಿದರೆ ಹತ್ತು ವರ್ಷದ ಫೋಟೋ ಮಾಯ. ಬಿಟ್‌ಲಾಕರ್ ಬೀಗ ಹಾಕಿದ ಯಂತ್ರವಾದರೆ ಅದರ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ವಿಂಡೋಸ್ ಮತ್ತೆ ಒಳಗೆ ಬಿಡದೇ ಇರಬಹುದು. ವಿಡಿಯೋ ನೋಡಿ ಮಾಡಿದವರ ಕೈಹಿಡಿಯಲು ಆ ಕ್ಷಣ ಯಾರೂ ಇರುವುದಿಲ್ಲ. ಪಕ್ಕದಲ್ಲಿ ಕೂತವರು 'ಒಂದು ನಿಮಿಷ, ಅದನ್ನು ಒತ್ತಬೇಡಿ' ಎನ್ನುತ್ತಾರೆ.

ದೊಡ್ಡ ಸಮಾವೇಶಗಳ ಕಥೆ

ತಿಂಗಳ ಸಭೆ ಒಂದಾದರೆ, ವರ್ಷಕ್ಕೊಮ್ಮೆಯ ಸಮಾವೇಶ ಇನ್ನೊಂದು. ಇದರಲ್ಲಿ ಬೆಂಗಳೂರು ಮುಂದು. 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' 2005ರಲ್ಲಿ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿ, 2012ರವರೆಗೆ ನಡೆಯಿತು. ಚಿಟ್ನಿಸ್ ಅದರ ಬೆನ್ನೆಲುಬು. ನಂತರದ ವರ್ಷಗಳಲ್ಲಿ ಬರೀ ಭಾಷಣ ಕೇಳಿ ಹೋಗುವುದು ಸಾಕು, ಕೂತು ಕೋಡ್ ಬರೆಯಿರಿ ಎಂಬ ಒತ್ತಾಯ ಹೆಚ್ಚಿತು. ಕೆಲವರಿಗೆ ಇಷ್ಟವಾಯಿತು, ಹೊಸಬರಿಗೆ ದೂರವೂ ಆಯಿತು. 2013ರ ಜೂನ್‌ನಲ್ಲಿ ಚಿಟ್ನಿಸ್ ತೀರಿಕೊಂಡ ಮೇಲೆ ಆ ಸಮಾವೇಶ ಮತ್ತೆ ನಡೆಯಲಿಲ್ಲ. ಪುಣೆಯಲ್ಲಿ ಸಿಂಬಯೋಸಿಸ್‌ನ ಕಂಪ್ಯೂಟರ್ ಕಾಲೇಜಿನ ಅಂಗಳದಲ್ಲಿ 'ಗ್ನೂನಿಫೈ' ವರ್ಷಗಟ್ಟಲೆ ನಡೆಯಿತು. ಮುಂಬೈಯಿಂದ ಬೆಳಗಿನ ರೈಲು ಹಿಡಿದು ಹೋಗಿಬರಬಹುದಾದ ದೂರ. ಐಐಟಿ ಬಾಂಬೆಯಲ್ಲೇ ಸೈಪೈ ಇಂಡಿಯಾ ಸಮಾವೇಶಗಳಾದವು, ಆದರೆ ಅದರ ವಿಷಯ ಪೈಥಾನ್ ಮತ್ತು ವೈಜ್ಞಾನಿಕ ಲೆಕ್ಕಾಚಾರ.

ಮುಂಬೈ ಸ್ವಂತದ್ದೊಂದು ದೊಡ್ಡ ವಾರ್ಷಿಕ ಲಿನಕ್ಸ್ ಜಾತ್ರೆಗೆ ಬೆಂಗಳೂರಿನಷ್ಟು ಹೆಸರಾಗಲಿಲ್ಲ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಾಡಿಗೆ ಇಲ್ಲದೆ ಸಭಾಂಗಣ ಸಿಗುವುದು ಈ ಊರಿನಲ್ಲಿ ಪವಾಡ. ಅದು ಸಿಕ್ಕರೂ ರೈಲಿನ ಪ್ರಶ್ನೆ. ಚರ್ಚ್‌ಗೇಟ್‌ನಿಂದ ವಿರಾರ್‌ಗೆ 60 ಕಿ.ಮೀ. ಸಭೆ ಮಾಟುಂಗದ ವಿಜೆಟಿಐನಂಥ ಕಾಲೇಜಿನಲ್ಲಿ ಇಟ್ಟರೆ ಮಧ್ಯದವರಿಗೆ ಸರಿ, ಜೊತೆಗೆ ಉಡುಪಿ ಹೋಟೆಲುಗಳ ಇಡ್ಲಿಯೂ ಸಿಕ್ಕೀತು. ಪವಾಯಿಯಲ್ಲಿ ಇಟ್ಟರೆ ಕಾಂಜೂರ್‌ಮಾರ್ಗ್‌ನಲ್ಲಿ ಇಳಿದು ರಿಕ್ಷಾ ಹಿಡಿಯಬೇಕು. ಮಾನ್‌ಖುರ್ದ್ ಎಂದರೆ ಬೋರಿವಿಲಿಯವರು ಎರಡು ಸಲ ಯೋಚಿಸುತ್ತಾರೆ. ಎಲ್ಲರಿಗೂ ಬಿಡುವಿರುವುದು ಭಾನುವಾರ, ರೈಲ್ವೆ ಮೆಗಾಬ್ಲಾಕ್ ಮಾಡುವುದೂ ಭಾನುವಾರ.

ಇತ್ತೀಚಿನ ವರ್ಷಗಳಲ್ಲಿ ಹೊಸ ಪೀಳಿಗೆಯ ಸಭೆಗಳು ಬಂದಿವೆ. ಝೆರೋಧಾ ಮತ್ತು ಮುಂಬೈ ಮೂಲದ ಫ್ರಾಪೆ ಕಂಪನಿಗಳ ಬೆಂಬಲದಿಂದ 2020ರಲ್ಲಿ ಆರಂಭವಾದ ಫಾಸ್ ಯುನೈಟೆಡ್ ಎಂಬ ಲಾಭರಹಿತ ಸಂಸ್ಥೆಗೆ ಮುಂಬೈ ಸೇರಿ ಹಲವು ನಗರಗಳಲ್ಲಿ ಘಟಕಗಳಿವೆ. ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿ ಇಂಡಿಯಾ ಫಾಸ್ ಸಮಾವೇಶ ನಡೆಸುತ್ತದೆ. ಹಳೆಯ ಬಳಗದವರ ಒಂದು ಗೊಣಗಾಟವಿದೆ: ಈಗಿನ ಸಭೆಗಳಲ್ಲಿ ಕಂಪನಿ, ಸ್ಟಾರ್ಟಪ್, ಉದ್ಯೋಗದ ಮಾತು ಹೆಚ್ಚು, ಸಾಮಾನ್ಯ ಬಳಕೆದಾರನ ಮಾತು ಕಡಿಮೆ. ಸ್ವಲ್ಪ ನಿಜವೂ ಹೌದು. ಆದರೆ ಸಭಾಂಗಣ, ಊಟ, ಪ್ರಾಯೋಜಕರಿಲ್ಲದೆ ಹಳೆಯ ಗುಂಪುಗಳು ಸೊರಗಿದ್ದೂ ನಿಜ.

ಯಾರದೋ ಸ್ವಿಚ್, ನಮ್ಮ ದೀಪ

ಹವ್ಯಾಸಿಗಳ ಮಾತು ಎಂದು ತಳ್ಳಿಹಾಕುತ್ತಿದ್ದ ವಾದವೊಂದು 2025ರ ಜುಲೈನಲ್ಲಿ ಏಕಾಏಕಿ ಸುದ್ದಿಯಾಯಿತು. ಯುರೋಪಿಯನ್ ಒಕ್ಕೂಟ ರಷ್ಯಾ ನಂಟಿನ ಕಾರಣಕ್ಕೆ ಮುಂಬೈಯಲ್ಲಿ ಕೇಂದ್ರ ಕಚೇರಿ ಹೊಂದಿರುವ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹೇರಿತು. ಬೆನ್ನಲ್ಲೇ ಮೈಕ್ರೋಸಾಫ್ಟ್ ಅದರ ಸೇವೆಗಳನ್ನು ನಿಲ್ಲಿಸಿತು. ಹಣ ಕೊಟ್ಟ ಸೇವೆ, ತನ್ನದೇ ಮಾಹಿತಿ, ಆದರೂ ಕೈಗೆಟುಕದ ಸ್ಥಿತಿ. ಕಂಪನಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು, ಕೆಲವೇ ದಿನಗಳಲ್ಲಿ ಸೇವೆ ಮರಳಿತು. ದೊಡ್ಡ ತೈಲ ಕಂಪನಿಗೆ ವಕೀಲರಿದ್ದಾರೆ. ಥಾಣೆಯ ಸಣ್ಣ ವರ್ಕ್‌ಶಾಪಿಗೆ?

ಹಾಗೆಂದು ಎಲ್ಲರೂ ನಾಳೆಯೇ ಲಿನಕ್ಸ್ ಹಾಕಿಕೊಳ್ಳಿ ಎನ್ನಲಾಗದು. ಅಂಗಡಿ, ಗೋದಾಮುಗಳ ಲೆಕ್ಕ ನಿಂತಿರುವುದು ಟ್ಯಾಲಿ ಮೇಲೆ. ಅದು ವಿಂಡೋಸ್‌ಗಾಗಿಯೇ ಮಾಡಿದ್ದು. ಪ್ರೆಸ್‌ಗಳಿಗೆ ಕೋರೆಲ್‌ಡ್ರಾ, ಫೋಟೋಶಾಪ್ ಬೇಕು, ಅವೂ ನೇರವಾಗಿ ಓಡುವುದಿಲ್ಲ. ಕನ್ನಡ ಡಿಟಿಪಿಯವರಿಗೆ ಇನ್ನೊಂದು ತೊಡಕು: ನುಡಿ, ಬರಹದಲ್ಲಿ ಯೂನಿಕೋಡ್‌ಗೂ ಮೊದಲಿನ ವಿಧಾನದಲ್ಲಿ ಮಾಡಿಟ್ಟ ಕಡತಗಳನ್ನು ಪರಿವರ್ತಿಸದೆ ಬೇರೆಡೆ ತೆರೆದರೆ ಅರ್ಥವಿಲ್ಲದ ಗೀಟುಗಳು ಕಾಣುತ್ತವೆ. ಟ್ಯಾಲಿಗೆ ಬದಲಿಯಾಗಿ ಫ್ರಾಪೆಯವರದೇ ಮುಕ್ತ ತಂತ್ರಾಂಶ ಇಆರ್‌ಪಿನೆಕ್ಸ್ಟ್ ಇದೆಯಾದರೂ, ಮೂವತ್ತು ವರ್ಷ ಟ್ಯಾಲಿಯಲ್ಲಿ ಪಳಗಿದ ಗುಮಾಸ್ತರ ಕೈಗೆ ಅದನ್ನು ಕೊಡುವುದು ಬೇರೆಯೇ ಸಾಹಸ.

ಬ್ರೌಸರ್, ಇಮೇಲ್, ಪತ್ರ, ಮಕ್ಕಳ ಆನ್‌ಲೈನ್ ಪಾಠ, ಸಿನಿಮಾ ಇಷ್ಟೇ ನಿಮ್ಮ ಬಳಕೆಯಾದರೆ ಮಾತ್ರ ಯೋಚನೆ ಬೇಡ. ಕನ್ನಡಕ್ಕೂ ಕೊರತೆಯಿಲ್ಲ. ಲೋಹಿತ್, ಗುಬ್ಬಿ, ನವಿಲು ಅಕ್ಷರಶೈಲಿಗಳು ಉಚಿತ. ನುಡಿಯಲ್ಲಿ ಬೆರಳು ಪಳಗಿದವರು ಐಬಸ್ ವ್ಯವಸ್ಥೆಯಲ್ಲಿ ಕೆಜಿಪಿ ಕೀಲಿಮಣೆ ಆರಿಸಿಕೊಂಡರೆ ಮತ್ತೆ ಅಭ್ಯಾಸ ಮಾಡಬೇಕಿಲ್ಲ. ಇದೇ ಹಂಚಿಕೊಳ್ಳುವ ಸಂಸ್ಕೃತಿಯ ಇನ್ನೊಂದು ಫಲ 'ಅಲರ್' ನಿಘಂಟು. ವಿ. ಕೃಷ್ಣ ಅವರು ನಾಲ್ಕು ದಶಕ ಒಬ್ಬರೇ ಕೂತು ಸಿದ್ಧಪಡಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಡಲಾಯಿತು.

ಹೋಗುವ ಮುನ್ನ

ಸಭೆಗೆ ಲಿನಕ್ಸ್ ಗೊತ್ತಿರಬೇಕೆಂಬ ನಿಯಮವಿಲ್ಲ. ಲ್ಯಾಪ್‌ಟಾಪ್ ಜೊತೆ ಚಾರ್ಜರ್ ತನ್ನಿ, ಹಳೆಯ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲದು. ಸಾಧ್ಯವಾದರೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ತಂದರೆ ಅಂದಿನ ಅತಿ ಜನಪ್ರಿಯ ವ್ಯಕ್ತಿ ನೀವೇ. 8 ಜಿಬಿಯ ಖಾಲಿ ಪೆನ್‌ಡ್ರೈವ್ ಇರಲಿ. ಫೋಟೋ, ಪಾನ್ ಕಾರ್ಡ್, ಮಾರ್ಕ್ಸ್ ಕಾರ್ಡ್ ಪ್ರತಿಗಳನ್ನು ಹಿಂದಿನ ರಾತ್ರಿಯೇ ಬೇರೆ ಡಿಸ್ಕಿಗೆ ಹಾಕಿಡಿ, ಸಭೆಯಲ್ಲಿ ಅದಕ್ಕೆ ಹೊತ್ತು ಸಿಗುವುದಿಲ್ಲ. ಪ್ರಿಂಟರ್‌ನ ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೊನೆಯದಾಗಿ, ಶನಿವಾರ ಸಂಜೆಯೇ ನೋಡಿಕೊಳ್ಳಿ: ಮರುದಿನ ಮೆಗಾಬ್ಲಾಕ್ ಯಾವ ಲೈನಿನಲ್ಲಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ.